ಎಸೆಯುವ ಕೈಗೆ ಎಷ್ಟು ರಜೆ?

ಸಾಫ್ಟ್‌ಬಾಲ್ ನಮ್ಮ ಓದುಗರಿಗೆ ತೀರ ಪರಿಚಿತವಾದ ಆಟವೇನಲ್ಲ. ಕ್ರಿಕೆಟ್ ಇರುವ ಊರಿನಲ್ಲಿ ಉಳಿದ ಆಟಗಳಿಗೆ ಮೈದಾನದಲ್ಲೂ ಜಾಗ ಕಡಿಮೆ, ಪತ್ರಿಕೆಯಲ್ಲೂ ಕಡಿಮೆ. ಆದರೂ ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಈ ಆಟ ಬಹಳ ವರ್ಷಗಳಿಂದ ಇದೆ. ಭಾರತದಲ್ಲಿ ಇದಕ್ಕೊಂದು ಸಂಘ ಹುಟ್ಟಿದ್ದು 1961ರಲ್ಲಿ, ಜೋಧಪುರದಲ್ಲಿ. ಬೇಸ್‌ಬಾಲ್‌ನ ತಂಗಿ ಎನ್ನಬಹುದಾದ ಆಟ ಇದು. ತಂಡಕ್ಕೆ ಒಂಬತ್ತು ಮಂದಿ, ಪಂದ್ಯಕ್ಕೆ ಏಳು ಇನಿಂಗ್ಸ್. ಅಂಗಳದ ನಡುವೆ ನಿಂತು, ಕೈಯನ್ನು ಗಾಳಿಯಂತ್ರದ ರೆಕ್ಕೆಯಂತೆ ಪೂರ್ತಿ ಒಂದು ಸುತ್ತು ತಿರುಗಿಸಿ, ತೊಡೆಯ ಪಕ್ಕದಿಂದ ಚೆಂಡನ್ನು ಬಿಡುವವಳೇ ಪಿಚರ್. ಪಂದ್ಯದ ಅರ್ಧ ಭಾರ ಅವಳ ಒಂದು ಭುಜದ ಮೇಲೆ ಕೂತಿರುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಶಾಲೆಯೊಂದರಲ್ಲಿ ಹದಿಮೂರರ ಹುಡುಗಿಯೊಬ್ಬಳು ಈ ಆಟಕ್ಕೆ ಇಳಿದಿದ್ದಾಳೆ ಎಂದಿಟ್ಟುಕೊಳ್ಳಿ. ಕೈ ಚುರುಕಾಗಿದೆ, ಚೆಂಡು ನೇರ ಹೋಗುತ್ತದೆ. ಅಂಥವಳು ಶಾಲೆಗೆ ಒಬ್ಬಳು ಸಿಕ್ಕರೆ ಹೆಚ್ಚು. ಹೀಗಾಗಿ ತಾಲ್ಲೂಕು ಮಟ್ಟದಲ್ಲಿ ಎಸೆಯುವವಳು ಅವಳೇ, ಗೆದ್ದರೆ ಕಲಬುರಗಿಯ ಜಿಲ್ಲಾ ಕೂಟದಲ್ಲಿ ಎಸೆಯುವವಳೂ ಅವಳೇ. ಬೆಳಿಗ್ಗೆ ಒಂದು ಪಂದ್ಯ, ಮಧ್ಯಾಹ್ನ ಇನ್ನೊಂದು, ಮರುದಿನ ಮತ್ತೆ. ಕೂಟಕ್ಕೆ ಹದಿನೈದು ದಿನ ಮೊದಲು ಪಿ.ಟಿ. ಮಾಸ್ತರು ‘ದಿನಾಲು ನೂರು ಚೆಂಡು ಹಾಕವಾ’ ಎನ್ನುತ್ತಾರೆ. ಮನೆಯಲ್ಲಿ ಅಣ್ಣ ಇನ್ನೂ ಐವತ್ತು ಹಾಕಿಸುತ್ತಾನೆ. ಭುಜ ನೋಯುತ್ತದೆ ಎಂದರೆ ‘ಕೆಳಗಿಂದ ಎಸೆಯೂದು, ಅದಕ್ಕೇನ್ ನೋವು?’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರಕ್ಕೆ ಒಂದು ಇತಿಹಾಸವಿದೆ. ಅದು ಕಲಬುರಗಿಯಲ್ಲಿ ಹುಟ್ಟಿದ್ದಲ್ಲ, ಅಮೆರಿಕದಿಂದ ಆಟದ ಜೊತೆಗೇ ಬಂದದ್ದು. ಅಲ್ಲಿಯ ಅತಿ ದೊಡ್ಡ ತರಬೇತುದಾರರೂ ನೂರು ವರ್ಷ ಇದನ್ನೇ ನಂಬಿದ್ದರು. ಅದು ತಪ್ಪೆಂದು ತಿಳಿಯಲು ಸಾಕಷ್ಟು ಭುಜಗಳು ಸವೆಯಬೇಕಾಯಿತು.

ಕೆಳಗಿನ ಕೈ, ಮೇಲಿನ ಕೈ

ಮೊದಲಿಗೆ ಬೇಸ್‌ಬಾಲ್ ಕೂಡ ಕೆಳಗಿನಿಂದ ಎಸೆಯುವ ಆಟವೇ ಆಗಿತ್ತು. ನಮಗೆ ಇದು ವಿಚಿತ್ರ ಎನಿಸಬೇಕಿಲ್ಲ. ಕ್ರಿಕೆಟ್ಟಿನ ಕಥೆಯೂ ಹಾಗೆಯೇ. ಅಲ್ಲಿ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಲು ನಿಯಮ ಒಪ್ಪಿಗೆ ಕೊಟ್ಟಿದ್ದು 1864ರಲ್ಲಿ. (1981ರಲ್ಲಿ ಟ್ರೆವರ್ ಚಾಪೆಲ್ ಕೊನೆಯ ಚೆಂಡನ್ನು ನೆಲದ ಮೇಲೆ ಉರುಳಿಸಿ ನ್ಯೂಜಿಲೆಂಡನ್ನು ಸಿಟ್ಟಿಗೆಬ್ಬಿಸಿದ್ದು ಈ ಹಳೆಯ ಕಾಲದ ಉಳಿಕೆ ನಿಯಮವೊಂದರ ಬಲದಿಂದಲೇ!) ಬೇಸ್‌ಬಾಲ್‌ನ ನ್ಯಾಷನಲ್ ಲೀಗ್ 1884ರಲ್ಲಿ ಮೇಲಿನಿಂದ ಎಸೆಯಲು ಬಿಟ್ಟಿತು. ಅದೇ ವರ್ಷ ಪ್ರಾವಿಡೆನ್ಸ್ ತಂಡದ ಚಾರ್ಲಿ ರ‍್ಯಾಡ್‌ಬೋರ್ನ್ ಎಂಬಾತ ಒಂದೇ ಋತುವಿನಲ್ಲಿ 678 ಇನಿಂಗ್ಸ್ ಎಸೆದ. ಗೆದ್ದ ಪಂದ್ಯ 59 ಎಂದು ಕೆಲವರು, 60 ಎಂದು ಕೆಲವರು ಇಂದಿಗೂ ವಾದಿಸುತ್ತಾರೆ. ಆ ದಿನಗಳಲ್ಲಿ ಬೆಳಿಗ್ಗೆ ತಲೆ ಬಾಚಿಕೊಳ್ಳಲು ಸಹ ಆತನಿಂದ ಕೈ ಎತ್ತಲಾಗುತ್ತಿರಲಿಲ್ಲವಂತೆ. ಕಥೆ ಎಷ್ಟು ನಿಜವೋ, ಅಮೆರಿಕನ್ನರು ಮಾತ್ರ ಅದನ್ನು ಶೌರ್ಯದ ಕಥೆಯಾಗಿ ಹೇಳಿಕೊಂಡು ಬಂದರು.

ಸಾಫ್ಟ್‌ಬಾಲ್ ಹುಟ್ಟಿದ್ದು ಇದಾದ ಮೂರೇ ವರ್ಷಕ್ಕೆ, 1887ರ ನವೆಂಬರಿನಲ್ಲಿ, ಷಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬಿನ ಒಳಾಂಗಣದಲ್ಲಿ. ಹೊರಗೆ ಚಳಿ. ಒಳಗೆ ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾಯುತ್ತ ಕುಳಿತವರಲ್ಲಿ ಒಬ್ಬ ಬಾಕ್ಸಿಂಗ್ ಕೈಗವಸನ್ನು ಎಸೆದ, ಇನ್ನೊಬ್ಬ ಕೋಲಿನಿಂದ ಬಾರಿಸಿದ. ಜಾರ್ಜ್ ಹ್ಯಾನ್‌ಕಾಕ್ ಎಂಬ ವರದಿಗಾರ ಆ ಕೈಗವಸನ್ನು ದಾರದಿಂದ ಚೆಂಡಿನಂತೆ ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಂಕಣ ಬರೆದ. ಒಬ್ಬ ವರದಿಗಾರ ಕೆಲಸ ಬಿಟ್ಟು ಆಟ ಕಟ್ಟಿದ ದಿನ ಎಂದು ನಮ್ಮ ವೃತ್ತಿಯವರು ಇದನ್ನು ನೆನೆಯಬಹುದು! ನಾಲ್ಕು ಗೋಡೆಯ ಒಳಗೆ ಜೋರಾಗಿ ಎಸೆಯುವಂತಿರಲಿಲ್ಲವಾದ್ದರಿಂದ ಕೆಳಗಿನಿಂದ ಎಸೆಯುವ ಪದ್ಧತಿಯೇ ನೆಲೆಯಾಯಿತು. ‘ಸಾಫ್ಟ್‌ಬಾಲ್’ ಎಂಬ ಹೆಸರು ಬಂದದ್ದು 1926ರಲ್ಲಿ.

ಹೆಸರಿನಲ್ಲೇ ‘ಸಾಫ್ಟ್’ ಇದೆ. ಚೆಂಡಿನ ಸುತ್ತಳತೆ 12 ಅಂಗುಲ, ಮುಷ್ಟಿಯಲ್ಲಿ ಹಿಡಿಯಲಾರದಷ್ಟು ದಪ್ಪ. ಎಸೆಯುವುದು ಕೆಳಗಿನಿಂದ. ಆಡುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ಇವು ಮೂರೂ ಸೇರಿ ಇದು ಮೈಗೆ ನೋವಿಲ್ಲದ ಆಟ ಎಂಬ ಭಾವನೆ ಬೇರೂರಿತು. ಬೇಸ್‌ಬಾಲ್ ಪಿಚರ್ ಒಂದು ಪಂದ್ಯ ಎಸೆದರೆ ನಾಲ್ಕು ದಿನ ಕೂರಬೇಕು, ಸಾಫ್ಟ್‌ಬಾಲ್ ಹುಡುಗಿ ಬೇಕಾದರೆ ದಿನಾ ಎಸೆಯಲಿ ಎಂಬುದು ತರಬೇತುದಾರರ ಬಾಯಲ್ಲಿ ಸೂತ್ರವೇ ಆಯಿತು. ಯಾರೂ ಅಳೆದು ಹೇಳಿದ ಸೂತ್ರವಲ್ಲ ಅದು. ಅಳೆಯುವ ಕೆಲಸ ಶುರುವಾದದ್ದು ಬೇಸ್‌ಬಾಲ್ ಹುಡುಗರಿಂದ.

ಎಣಿಸಲು ಕಲಿತದ್ದು

ಮಕ್ಕಳ ಎಲುಬು ದೊಡ್ಡವರ ಎಲುಬಿನ ಚಿಕ್ಕ ಪ್ರತಿಯಲ್ಲ. ಎಲುಬಿನ ತುದಿಗಳ ಬಳಿ ಮೃದ್ವಸ್ಥಿಯ ಒಂದು ಪದರ ಇರುತ್ತದೆ. ಎಲುಬು ಉದ್ದವಾಗುವುದೇ ಅಲ್ಲಿ. ಹುಡುಗಿಯರಲ್ಲಿ ತೋಳಿನ ಮೇಲ್ತುದಿಯ ಈ ಪದರ ಬಲಿತು ಮುಚ್ಚಿಕೊಳ್ಳುವುದು ಸಾಮಾನ್ಯವಾಗಿ ಹದಿನಾಲ್ಕರಿಂದ ಹದಿನೇಳರ ನಡುವೆ, ಹುಡುಗರಲ್ಲಿ ಇನ್ನೂ ತಡವಾಗಿ. ಅಲ್ಲಿಯವರೆಗೆ ಆ ಜಾಗ ಸುತ್ತಲಿನ ಸ್ನಾಯುಗಳಿಗಿಂತ, ಕೀಲು ಕಟ್ಟಿ ಹಿಡಿದ ನಾರುಗಳಿಗಿಂತ ದುರ್ಬಲ. ದೊಡ್ಡವರಲ್ಲಿ ನಾರು ಹರಿಯುವ ಕಡೆ ಮಕ್ಕಳಲ್ಲಿ ಈ ಪದರವೇ ಬಿಡುತ್ತದೆ. 1953ರಲ್ಲಿ ಎಳೆಯ ಬೇಸ್‌ಬಾಲ್ ಪಿಚರ್ ಒಬ್ಬನ ಭುಜದಲ್ಲಿ ವೈದ್ಯರು ಇದನ್ನು ಗುರುತಿಸಿದರು. 1960ರಲ್ಲಿ ಮೊಣಕೈಯ ಇಂಥದೇ ತೊಂದರೆಗೆ ‘ಲಿಟ್ಲ್ ಲೀಗರ್ಸ್ ಎಲ್ಬೋ’ ಎಂಬ ಹೆಸರೇ ಬಂತು. ಮಕ್ಕಳ ಬೇಸ್‌ಬಾಲ್ ಸಂಸ್ಥೆಯ ಹೆಸರನ್ನೇ ಒಂದು ರೋಗಕ್ಕೆ ಇಟ್ಟದ್ದು ಆ ಸಂಸ್ಥೆಗೆ ಹಿತವಾಗಿರಲಾರದು.

ದೊಡ್ಡವರ ಕಥೆ ಇನ್ನೂ ಪ್ರಸಿದ್ಧ. 1974ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲಿಸ್‌ನ ವೈದ್ಯ ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ನ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಹೊಲಿದರು. ಆತ ಮತ್ತೆ ಆಡುವನೆಂದು ಹೆಚ್ಚಿನವರು ನಂಬಿರಲಿಲ್ಲ. ಒಂದು ಋತು ಪೂರ್ತಿ ಹೊರಗುಳಿದು 1976ರಲ್ಲಿ ಮರಳಿ ಬಂದ ಜಾನ್ ಆಮೇಲೆ 164 ಪಂದ್ಯ ಗೆದ್ದ. ಶಸ್ತ್ರಚಿಕಿತ್ಸೆಗೆ ಆತನ ಹೆಸರೇ ನಿಂತಿತು. ವಿಪರ್ಯಾಸವೆಂದರೆ, ದಾರಿ ತಪ್ಪಿದ್ದೂ ಇಲ್ಲಿಯೇ. ಕೆಟ್ಟ ಕೈಯನ್ನು ರಿಪೇರಿ ಮಾಡಬಹುದು ಎಂಬ ಧೈರ್ಯ ಬಂದೊಡನೆ ಕೈ ಕೆಡದಂತೆ ನೋಡಿಕೊಳ್ಳುವ ಅವಸರ ಕಡಿಮೆಯಾಯಿತು. ಮುಂದಿನ ದಶಕಗಳಲ್ಲಿ ಹೈಸ್ಕೂಲು ಹುಡುಗರೂ ಈ ಶಸ್ತ್ರಚಿಕಿತ್ಸೆಗೆ ಸಾಲು ನಿಂತರು.

ಕೊನೆಗೆ 2007ರಲ್ಲಿ ಲಿಟ್ಲ್ ಲೀಗ್ ಸಂಸ್ಥೆ ಬೇಸ್‌ಬಾಲ್ ಹುಡುಗರಿಗೆ ಇನಿಂಗ್ಸ್ ಲೆಕ್ಕ ಬಿಟ್ಟು ಎಸೆತಗಳ ಲೆಕ್ಕ ತಂದಿತು. ಹನ್ನೊಂದು-ಹನ್ನೆರಡರ ಹುಡುಗನಿಗೆ ದಿನಕ್ಕೆ 85, ಹದಿಮೂರರಿಂದ ಹದಿನಾರರವರೆಗೆ 95. ಅಷ್ಟೇ ಅಲ್ಲ, ಎಸೆತ ಹೆಚ್ಚಿದಷ್ಟೂ ಮುಂದೆ ಕಡ್ಡಾಯವಾಗಿ ಕೂರಬೇಕಾದ ದಿನಗಳೂ ಹೆಚ್ಚುತ್ತವೆ. ಇನಿಂಗ್ಸ್ ಎಂಬುದು ಮೋಸದ ಅಳತೆ: ಹತ್ತು ಎಸೆತಕ್ಕೂ ಮುಗಿಯಬಹುದು, ನಲವತ್ತಕ್ಕೂ ಮುಗಿಯದಿರಬಹುದು. ಭುಜಕ್ಕೆ ಗೊತ್ತಾಗುವುದು ಎಸೆತದ ಲೆಕ್ಕ ಮಾತ್ರ.

ಆದರೆ ಸಾಫ್ಟ್‌ಬಾಲ್ ಹುಡುಗಿಯರಿಗೆ ಈ ಎಸೆತದ ಲೆಕ್ಕ ಅದರ ಜೊತೆಗೆ ಬರಲಿಲ್ಲ. ಕೆಳಗಿನಿಂದ ಎಸೆಯುವುದಲ್ಲವೇ!

ಗಡಿಯಾರದ ಒಂಬತ್ತು ಗಂಟೆ

ಹಾಗೆಂದು ಪುರಾವೆ ಇರಲಿಲ್ಲವೆಂದಲ್ಲ. 1992ರಲ್ಲೇ ಒಂದು ಅಮೆರಿಕನ್ ಕ್ರೀಡಾ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. 1989ರ ಕಾಲೇಜು ಸಾಫ್ಟ್‌ಬಾಲ್ ಟೂರ್ನಿಯ ಎಂಟು ಉತ್ತಮ ತಂಡಗಳ 24 ಪಿಚರ್‌ಗಳನ್ನು ವೈದ್ಯರು ವಿಚಾರಿಸಿದ್ದರು. ಆ ಋತುವಿನಲ್ಲಿ ಗಾಯ ಮಾಡಿಕೊಂಡವರು ಅವರಲ್ಲಿ 20 ಮಂದಿ. ಹೆಚ್ಚಿನ ಗಾಯಗಳು ಭುಜ ಮತ್ತು ಕೈಗೆ ಸಂಬಂಧಿಸಿದವು.

ಕಾರಣ ತಿಳಿಯಲು ಇನ್ನೂ ಕೆಲವು ವರ್ಷ ಹಿಡಿಯಿತು. ವೇಗದ ಕ್ಯಾಮೆರಾಗಳನ್ನಿಟ್ಟು ಎಸೆತವನ್ನು ತುಣುಕು ತುಣುಕಾಗಿ ನೋಡಿದಾಗ ತಿಳಿದದ್ದು ಇಷ್ಟು. ಕೈ ಪೂರ್ತಿ ಸುತ್ತು ತಿರುಗಿ ಕೆಳಗೆ ಬರುವಾಗ, ಬಾವಿಯ ಹಗ್ಗದ ತುದಿಯ ಕೊಡದಂತೆ, ತೋಳನ್ನೇ ಕೀಲಿನಿಂದ ಹೊರಕ್ಕೆ ಎಳೆಯುವ ಬಲವೊಂದು ಹುಟ್ಟುತ್ತದೆ. ಉನ್ನತ ಮಟ್ಟದ ಪಿಚರ್‌ಗಳಲ್ಲಿ ಈ ಎಳೆತ ಅವರ ದೇಹತೂಕದ ಶೇಕಡ 80ರ ಹತ್ತಿರ ಹೋಗುತ್ತದೆ. ಬೇಸ್‌ಬಾಲ್ ಪಿಚರ್‌ನ ಭುಜ ತಡೆಯುವ ಎಳೆತಕ್ಕೆ ಇದನ್ನು ಹೋಲಿಸಬಹುದೆಂದು ಸಂಶೋಧಕರು ಬರೆದರು. ತೋಳಿನ ಮುಂಭಾಗದ ಉಬ್ಬು ಸ್ನಾಯು (ಹುಡುಗರು ಕನ್ನಡಿಯ ಮುಂದೆ ಮಡಿಸಿ ತೋರಿಸುವ ಅದೇ ಸ್ನಾಯು) ಕೆಳಗಿನ ಎಸೆತದಲ್ಲಿ ಮೇಲಿನ ಎಸೆತಕ್ಕಿಂತ ಹೆಚ್ಚು ದುಡಿಯುತ್ತದೆ ಎಂದು 2009ರ ಅಧ್ಯಯನವೊಂದು ಅಳೆದು ತೋರಿಸಿತು. ಕೈ ಗಡಿಯಾರದ ಮುಳ್ಳೆಂದುಕೊಂಡರೆ, ಅದು ಒಂಬತ್ತು ಗಂಟೆಯ ಜಾಗಕ್ಕೆ ಬಂದಾಗ ಈ ದುಡಿತ ತಾರಕಕ್ಕೇರುತ್ತದೆ. ಸಾಫ್ಟ್‌ಬಾಲ್ ಹುಡುಗಿಯರು ಭುಜದ ಮುಂಭಾಗದಲ್ಲೇ ನೋವೆಂದು ಏಕೆ ಹೇಳುತ್ತಾರೆ ಎಂಬುದಕ್ಕೆ ಇಲ್ಲಿ ಉತ್ತರವಿತ್ತು.

ಅಮೆರಿಕದ ಮೂಳೆ ವೈದ್ಯರ ಕ್ರೀಡಾ ಸಂಘಟನೆಯೊಂದು ಆ ಬಳಿಕ ಒಂದು ಸಲಹಾ ಪಟ್ಟಿ ಮಾಡಿತು. ಹದಿಮೂರು-ಹದಿನಾಲ್ಕರ ಹುಡುಗಿ ಒಂದು ಪಂದ್ಯದಲ್ಲಿ 80, ಒಂದು ದಿನದಲ್ಲಿ 115 ಎಸೆತ ಮೀರಬಾರದು. ಎರಡು ದಿನ ಹಾಗೆ ಎಸೆದರೆ ಮೂರನೆಯ ದಿನ ಮತ್ತೆ 80ಕ್ಕೆ ಇಳಿಯಬೇಕು. ಹನ್ನೆರಡರ ಒಳಗಿನವರು ಮೂರನೆಯ ದಿನ ಎಸೆಯಲೇಬಾರದು. ಇದು ಸಲಹೆ, ಕಾನೂನಲ್ಲ.

ಈ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಒಲಿಂಪಿಕ್ ಕಥೆ ಕೇಳಿ. 2008ರ ಆಗಸ್ಟ್ 20, ಬೀಜಿಂಗ್. ಜಪಾನಿನ ಯುಕಿಕೊ ಉಯೆನೊ ಅಂದು ಅಮೆರಿಕದ ವಿರುದ್ಧ ಒಂಬತ್ತು ಇನಿಂಗ್ಸ್ ಎಸೆದು ಸೋತರು: 147 ಎಸೆತ. ಅಂದೇ ಆಸ್ಟ್ರೇಲಿಯದ ವಿರುದ್ಧ ಹನ್ನೆರಡು ಇನಿಂಗ್ಸ್ ಎಸೆದು ಗೆದ್ದರು: 171 ಎಸೆತ. ಮರುದಿನ ಫೈನಲ್. ಅದಕ್ಕೂ ಅವರೇ: 95 ಎಸೆತ. ಒಲಿಂಪಿಕ್ಸ್‌ನಲ್ಲಿ ಸತತ 22 ಪಂದ್ಯ ಗೆದ್ದು ಬಂದಿದ್ದ ಅಮೆರಿಕ 3-1ರಿಂದ ಸೋತಿತು. ಎರಡು ದಿನಕ್ಕೆ ಒಟ್ಟು 413 ಎಸೆತ. ಜಪಾನಿನಲ್ಲಿ ‘ಉಯೆನೊ ಅವರ 413’ ಎಂದರೆ ಸಾಕು, ಎಂಥವರಿಗೂ ತಿಳಿಯುತ್ತದೆ.

ಜಪಾನೀಯರಿಗೆ ಇಂಥ ಕಥೆಗಳ ಮೇಲೆ ವಿಶೇಷ ಪ್ರೀತಿ. 1998ರ ಕೊಶಿಯೆನ್ ಹೈಸ್ಕೂಲು ಬೇಸ್‌ಬಾಲ್ ಟೂರ್ನಿಯಲ್ಲಿ ದೈಸುಕೆ ಮತ್ಸುಜಾಕಾ ಎಂಬ ಹುಡುಗ ಒಂದೇ ಪಂದ್ಯದಲ್ಲಿ 250 ಎಸೆತ ಹಾಕಿದ್ದ. 2018ರಲ್ಲಿ ಅಕಿತಾ ಪ್ರಾಂತದ ಕೃಷಿ ಶಾಲೆಯೊಂದರ ಹುಡುಗ ಅದೇ ಟೂರ್ನಿಯಲ್ಲಿ ಒಟ್ಟು 881 ಎಸೆದ. ದೇಶ ಕಣ್ಣೀರಿಟ್ಟು ಚಪ್ಪಾಳೆ ತಟ್ಟಿತು, ಆದರೆ ಈ ಬಾರಿ ವೈದ್ಯರ ಆಕ್ಷೇಪವೂ ಅಷ್ಟೇ ಗಟ್ಟಿಯಾಗಿ ಕೇಳಿತು. 2020ರಿಂದ ಅಲ್ಲಿಯ ಹೈಸ್ಕೂಲು ಪಿಚರ್‌ಗೆ ವಾರಕ್ಕೆ 500 ಎಸೆತಗಳ ಮಿತಿ ಬಂತು. ನಮ್ಮ ಮಟ್ಟಿಗೆ ಅದೂ ಕಡಿಮೆಯೇನಲ್ಲ.

ಉಯೆನೊ 413 ಎಸೆದಾಗ ಅವರಿಗೆ ಇಪ್ಪತ್ತಾರು ವರ್ಷ. ಎಲುಬು ಬಲಿತು, ವರ್ಷಗಟ್ಟಲೆ ಕ್ರಮವಾಗಿ ಪಳಗಿದ ಕೈ ಅದು. ಹದಿಮೂರರ ಹುಡುಗಿಗೆ ಆ ಕಥೆಯನ್ನು ಹುರುಪಿಗೆಂದು ಹೇಳುವವರು ಈ ಅರ್ಧವನ್ನು ಬಿಟ್ಟು ಹೇಳುತ್ತಾರೆ ಎಂಬುದೇ ತಕರಾರು.

ಅರ್ಧ ಶಕ್ತಿಯ ಲೆಕ್ಕ

ವಿಶ್ರಾಂತಿಯ ಲೆಕ್ಕ ಅಮೆರಿಕದಿಂದಲೇ ಬರಬೇಕಿತ್ತೇ? ನಮ್ಮ ಕಡೆ ಮೈ ಪಳಗಿಸುವ ವಿದ್ಯೆಗೆ ಬೇರೆಯದೇ ಹಳೆಯ ದಾರಿಯಿದೆ. ಅದು ಗರಡಿ ಮನೆಯದು. ಕಲಬುರಗಿ ಕಡೆಯ ಮಾತಿನಲ್ಲಿ ತಾಲೀಮು.

ಕಮಲಾಪುರದಿಂದ ಹುಮನಾಬಾದ್ ರಸ್ತೆ ಹಿಡಿದು ಮುಂದೆ ಸಾಗಿದರೆ ಬಸವಕಲ್ಯಾಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಅರ್ಧದಲ್ಲಿ ಅಲ್ಲಿಯೇ ಕುಳಿತು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಅಡುಗೆಯಿಂದ ಆನೆಯವರೆಗೆ ಎಲ್ಲವನ್ನೂ ಒಳಗೊಂಡ ಆ ಗ್ರಂಥದಲ್ಲಿ ‘ಮಲ್ಲವಿನೋದ’ ಎಂಬ ಅಧ್ಯಾಯವೂ ಒಂದು. ಜಟ್ಟಿಗಳನ್ನು ಅವರ ವಯಸ್ಸು, ಗಾತ್ರ, ಬಲ ನೋಡಿ ದರ್ಜೆಗಳಾಗಿ ವಿಂಗಡಿಸಬೇಕು ಎಂದು ಅಲ್ಲಿದೆ. ಅವರು ಯಾವ ಸಾಧನೆ ಮಾಡಬೇಕು, ಏನು ತಿನ್ನಬೇಕು ಎಂಬುದೂ ಇದೆ. ಬೇಳೆ, ಮಾಂಸ, ಹಾಲು, ಸಕ್ಕರೆ, ಮೇಲ್ತರದ ಸಿಹಿ ಒದಗಿಸುವುದು ದೊರೆಯ ಹೊಣೆ. ಎಳೆಯವನನ್ನೂ ಬಲಿತವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ತಿಳಿವಳಿಕೆ ಈ ನೆಲದಲ್ಲಿ ಒಂಬೈನೂರು ವರ್ಷ ಹಿಂದೆಯೇ ಬರಹಕ್ಕೆ ಇಳಿದಿತ್ತು ಎಂಬುದು ಗಮನಾರ್ಹ.

ಆಯುರ್ವೇದ ಇನ್ನೂ ಖಚಿತವಾಗಿ ಹೇಳುತ್ತದೆ. ‘ಅಷ್ಟಾಂಗಹೃದಯ’ ಬರೆದ ವಾಗ್ಭಟನ ಪ್ರಕಾರ, ಜಿಡ್ಡಿನ ಊಟ ಉಣ್ಣುವ ಬಲಶಾಲಿ ಕೂಡ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಅದೂ ಚಳಿಗಾಲ ಮತ್ತು ವಸಂತದಲ್ಲಿ. ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಸಾಧನೆ ಮುಗಿದ ಮೇಲೆ ಮೈಯನ್ನು ಹಿತವಾಗಿ ನೀವಬೇಕು. ಮಕ್ಕಳು, ಮುದುಕರು, ಅಜೀರ್ಣದಿಂದ ನರಳುವವರು ವ್ಯಾಯಾಮಕ್ಕೆ ಹೋಗಲೇಬಾರದು. ಅತಿ ಮಾಡಿದವನ ಪಾಡು ಆನೆಯನ್ನು ಎಳೆಯಹೋದ ಸಿಂಹದ ಪಾಡಿನಂತೆ ಎಂದು ಎಚ್ಚರಿಕೆಯ ಉಪಮೆ ಬೇರೆ. ಅರ್ಧ ಶಕ್ತಿ ಮುಗಿದದ್ದು ತಿಳಿಯುವುದು ಹೇಗೆ? ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರು ಒಡೆದು ಉಸಿರು ಬಾಯಿಗೆ ಬರುವುದೇ ಗುರುತೆಂದು ವೈದ್ಯ ಗ್ರಂಥಗಳು ಹೇಳುತ್ತವೆ. ಇಂದಿನ ವೈದ್ಯರು ಮಕ್ಕಳಿಗೆ ಆಟವೇ ಬೇಡ ಎನ್ನುವುದಿಲ್ಲ, ಬೇಕೇ ಬೇಕು ಎನ್ನುತ್ತಾರೆ. ಅಲ್ಲಿ ವಾಗ್ಭಟನನ್ನು ಬಿಡೋಣ. ಆದರೆ ‘ಅರ್ಧ’ ಮತ್ತು ‘ಋತು’ ಎಂಬ ಎರಡು ಅಳತೆಗಳನ್ನು ಬಿಡುವುದು ಕಷ್ಟ.

ಅದರಲ್ಲೂ ಕಲಬುರಗಿಯಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಈ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಹಿಂದೂಡಿ ಮಧ್ಯಾಹ್ನ ಒಂದೂವರೆಗೆ ಮುಗಿಸುವ ರೂಢಿಯಿದೆ. ಫ್ಯಾನಿನ ಕೆಳಗೆ ಕುಳಿತು ಕಡತ ನೋಡುವವರಿಗೇ ಬಿಡುವು ಕೊಟ್ಟ ಬಿಸಿಲು ಅದು. ಸಂಜೆ ನಾಲ್ಕಕ್ಕೆ ಕಾದ ಮೈದಾನದಲ್ಲಿ ನಿಂತು ನೂರು ಚೆಂಡು ಎಸೆಯುವ ಹುಡುಗಿಯ ವಿಷಯ ಬೇರೆ ಹೇಳಬೇಕಿಲ್ಲ. ಶಾಲೆಗೆ ರಜೆ, ಸಮಯ ಸಿಗುತ್ತದೆ ಎಂದು ಬೇಸಿಗೆಯಲ್ಲೇ ಹೆಚ್ಚು ಅಭ್ಯಾಸ ಮಾಡಿಸುವ ನಮ್ಮ ಪದ್ಧತಿ ವಾಗ್ಭಟನ ಲೆಕ್ಕಕ್ಕೂ ತಲೆಕೆಳಗು, ಈಗಿನ ವೈದ್ಯರ ಲೆಕ್ಕಕ್ಕೂ ತಲೆಕೆಳಗು.

ಗರಡಿಯ ವಸ್ತಾದರಿಗೆ ಗ್ರಂಥ ಓದಿ ಇದು ತಿಳಿದದ್ದಲ್ಲ. ಹೊಸ ಹುಡುಗ ಬಂದರೆ ಅವನ ಕೈಗೆ ಮೊದಲು ಬರುವುದು ಮಣ್ಣು ಅಗೆಯುವ ಸಲಿಕೆ. ಬಳಿಕ ದಂಡ, ಬೈಠಕ್. ಜೋಡಿ ಹಿಡಿದು ಜೋರು ಮಾಡುವುದು ಆಮೇಲೆ. ತಾಲೀಮು ಮುಗಿದರೆ ಮಾಲೀಸು, ಖುರಾಕು, ನಿದ್ದೆ. ಪೈಲವಾನನ ದಿನಚರಿಯಲ್ಲಿ ಇವೂ ಕುಸ್ತಿಯಷ್ಟೇ ಮುಖ್ಯ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಕುಸ್ತಿ ಶುರುವಾಗುವುದು ತೆಂಗಿನಕಾಯಿಯ ಇನಾಮಿನಿಂದ, ಅದು ಚಿಕ್ಕ ಹುಡುಗರದು. ಬೆಳ್ಳಿ ಕಡಗದ ಕುಸ್ತಿ ಕೊನೆಗೆ. ಕಾಯಿಗೆ ಆಡುವವನನ್ನು ಕಡಗಕ್ಕೆ ಬಿಡುವ ವಸ್ತಾದನನ್ನು ಊರೇ ಬೈಯುತ್ತದೆ. ಗರಡಿಗಳೆಲ್ಲ ಆದರ್ಶವಾಗಿದ್ದವೆಂದು ಹೇಳುತ್ತಿಲ್ಲ; ಒಂದು ಸಾವಿರ ದಂಡ ಹೊಡೆದ ಬಡಾಯಿಗಳೂ ಅಲ್ಲಿಂದಲೇ ಬಂದವು. ಮುಖ್ಯವಾಗಿ, ಆ ಬಾಗಿಲು ಹುಡುಗಿಯರಿಗೆ ತೆರೆದಿರಲಿಲ್ಲ. ಹೀಗಾಗಿ ಚೆಂಡು ಹಿಡಿದು ಮೈದಾನಕ್ಕೆ ಬಂದ ಮೊದಲ ಪೀಳಿಗೆಯ ಹೆಣ್ಣುಮಕ್ಕಳಿಗೆ ಮೈಯ ದಣಿವನ್ನು ಓದಬಲ್ಲ ಹಿರಿಯರು ಮನೆಯಲ್ಲಿ ಯಾರೂ ಇರಲಿಲ್ಲ. ಅಮ್ಮ ಅಜ್ಜಿಯರಿಗೆ ದಣಿವು ಗೊತ್ತಿತ್ತು, ಆದರೆ ಅದು ಹೊಲದ ದಣಿವು, ನೀರು ಹೊತ್ತ ದಣಿವು. ಅದಕ್ಕೆ ರಜೆ ಎಂಬುದೇ ಇರಲಿಲ್ಲ.

ಕ್ರಿಕೆಟ್ ನೋಡುವವರಿಗೆ ಜಾವಗಲ್ ಶ್ರೀನಾಥ್ ನೆನಪಿರಬಹುದು. ಭಾರತದ ವೇಗದ ದಾಳಿಯ ಭಾರ ಹೊತ್ತಿದ್ದ ಕನ್ನಡಿಗ 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸವನ್ನೇ ಕಳೆದುಕೊಂಡರು. ಅಂದು ಬೌಲರ್‌ನ ಓವರುಗಳ ಲೆಕ್ಕ ಇಡುವುದು ಸ್ಕೋರರ್‌ನ ಕೆಲಸವಾಗಿತ್ತು, ವೈದ್ಯರದಲ್ಲ. ಈಗ ಆ ಲೆಕ್ಕಕ್ಕೆ ‘ವರ್ಕ್‌ಲೋಡ್’ ಎಂಬ ಹೆಸರು ಬಂದು, ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ ಅದನ್ನೇ ನೋಡಿಕೊಳ್ಳುವವರಿದ್ದಾರೆ. ಕೋಟಿ ಬೆಲೆಯ ಭುಜಗಳಿಗೆ ಸಿಕ್ಕ ಈ ಸೌಕರ್ಯ ಕಮಲಾಪುರದ ಭುಜಕ್ಕೆ ಸಿಗುವುದು ಯಾವಾಗಲೋ.

ಹುಡುಗಿಯ ವಾರ

ಅದಕ್ಕೆ ಅಕಾಡೆಮಿಯೇ ಬೇಕೆಂದೇನೂ ಇಲ್ಲ. ಎಸೆತದಿಂದ ಸ್ನಾಯು ಬಲಿಯುವುದಿಲ್ಲ; ಅದರಿಂದ ಆಗುವುದು ಕಣ್ಣಿಗೆ ಕಾಣದ ಸಣ್ಣ ಸಣ್ಣ ಹರಕುಗಳು. ಅವನ್ನು ಕೂಡಿಸಿ ಮೊದಲಿಗಿಂತ ಗಟ್ಟಿ ಮಾಡುವುದು ಬಿಡುವಿನ ಹೊತ್ತು, ಅದರಲ್ಲೂ ರಾತ್ರಿಯ ನಿದ್ದೆ. ಹರಕು ಕೂಡುವ ಮೊದಲೇ ಮತ್ತೆ ಎಳೆದರೆ ಅದು ದೊಡ್ಡದಾಗುತ್ತದೆ. ಇಷ್ಟು ಒಪ್ಪಿಕೊಂಡರೆ ಉಳಿದದ್ದು ಲೆಕ್ಕ.

ಹದಿಮೂರರ ಹುಡುಗಿ ವಾರಕ್ಕೆ ಮೂರು ದಿನ ಪೂರ್ತಿ ಬಲದಿಂದ ಎಸೆದರೆ ಬೇಕಾದಷ್ಟಾಯಿತು, ನಡುವೆ ಒಂದೊಂದು ದಿನ ಬಿಟ್ಟು. ಸೋಮವಾರ, ಬುಧವಾರ, ಶುಕ್ರವಾರ ಎನ್ನಿ. ಎಸೆಯುವ ದಿನ ಮೈ ಬಿಸಿ ಮಾಡುವ ಎಸೆತಗಳೂ ಎಣಿಕೆಗೆ ಸೇರಬೇಕು. ಅಣ್ಣನ ಜೊತೆ ಅಂಗಳದಲ್ಲಿ ಹಾಕಿದ ಐವತ್ತೂ ಸೇರಬೇಕು. ಬಹಳ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ. ಮಾಸ್ತರಿಗೆ ಶಾಲೆಯ ಲೆಕ್ಕ ಗೊತ್ತು, ಮನೆಯವರಿಗೆ ಮನೆಯ ಲೆಕ್ಕ ಗೊತ್ತು, ಕೂಡಿಸುವವರು ಯಾರೂ ಇಲ್ಲ.

ಉಳಿದ ದಿನ ಏನು ಮಾಡುವುದು? ‘ಸುಮ್ಮನೆ ಕೂತರೆ ಕೈ ಮರೆತುಹೋಗುತ್ತದೆ’ ಎಂಬ ಭಯ ಆಟಗಾರ್ತಿಗೂ ಇರುತ್ತದೆ, ಮಾಸ್ತರಿಗೂ ಇರುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ; ಎಸೆತ ಒಂದು ಕುಶಲತೆ, ದಿನಾ ಮುಟ್ಟಿದರೆ ಮಾತ್ರ ಕೈಗೆ ಹತ್ತುತ್ತದೆ. ಆದರೆ ಮುಟ್ಟುವುದು ಬೇರೆ, ಪೂರ್ತಿ ಬಲದಿಂದ ಎಸೆಯುವುದು ಬೇರೆ. ಹತ್ತಡಿ ದೂರದ ಗೋಡೆಗೆ ಮಣಿಕಟ್ಟಿನಿಂದಷ್ಟೇ ಚೆಂಡು ಬಿಡುವುದು, ಚೆಂಡಿಲ್ಲದೆ ಹೆಜ್ಜೆ ಹಾಕಿ ಸೊಂಟ ತಿರುಗಿಸುವುದು, ಬೆರಳಿನ ಹಿಡಿತ ಬದಲಿಸಿ ನೋಡುವುದು, ಇವು ಭುಜಕ್ಕೆ ಹೊರೆಯಲ್ಲ. ವೇಗ ಹುಟ್ಟುವುದು ಕಾಲು, ಸೊಂಟ ಮತ್ತು ಬೆನ್ನಿನಲ್ಲಿ. ಕೈ ಅದನ್ನು ಚೆಂಡಿಗೆ ದಾಟಿಸುತ್ತದೆ ಅಷ್ಟೇ. ಕಾಲು ದಣಿದ ಹುಡುಗಿ ಆ ಕೊರತೆಯನ್ನು ಭುಜದಿಂದ ತುಂಬಲು ಹೋಗುತ್ತಾಳೆ. ಹಾಗಾಗಿ ಎಸೆಯದ ದಿನಗಳಲ್ಲಿ ಒಂದೆರಡು ಕಾಲಿಗೆ, ಬೆನ್ನಿಗೆ ಮೀಸಲಿರಲಿ. ಬೈಠಕ್ ಇದಕ್ಕೆ ಹೇಳಿ ಮಾಡಿಸಿದ್ದು! ವಾರದಲ್ಲಿ ಒಂದು ದಿನ ಮಾತ್ರ ಯಾವುದೂ ಬೇಡ.

ವರ್ಷದ ಲೆಕ್ಕವೂ ಇದೆ. ಎಸೆಯುವ ಆಟದ ಮಕ್ಕಳು ವರ್ಷದಲ್ಲಿ ಎರಡು-ಮೂರು ತಿಂಗಳಾದರೂ ಚೆಂಡೆಸೆತವನ್ನು ಪೂರ್ತಿ ಬಿಡಬೇಕೆಂದು ವೈದ್ಯರು ಹೇಳುತ್ತಾರೆ. ನಮ್ಮಲ್ಲಿ ಆ ತಿಂಗಳುಗಳನ್ನು ಹುಡುಕುವ ಶ್ರಮವೇ ಇಲ್ಲ, ಬಿಸಿಲೇ ತೋರಿಸಿಕೊಟ್ಟಿದೆ. ಆ ದಿನಗಳಲ್ಲಿ ಕೊಕ್ಕೊ ಆಡಲಿ, ಈಜಲು ಜಾಗವಿದ್ದರೆ ಈಜಲಿ, ಇಲ್ಲವೇ ಸುಮ್ಮನೆ ಅಜ್ಜಿ ಮನೆಗೆ ಹೋಗಿಬರಲಿ. ಮಳೆ ಬಿದ್ದ ಮೇಲೆ ಮೂವತ್ತು ಎಸೆತದಿಂದ ಮತ್ತೆ ಶುರು ಮಾಡಿ ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿದರೆ ಕೂಟದ ಹೊತ್ತಿಗೆ ಕೈ ತಯಾರಾಗುತ್ತದೆ. ಕೂಟಕ್ಕೆ ಹದಿನೈದು ದಿನ ಮೊದಲು ಒಮ್ಮೆಲೇ ದಿನಕ್ಕೆ ನೂರು ಎಂದು ಹಾಕಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ.

ನೋವಿನ ವಿಷಯದಲ್ಲಿ ಒಂದು ಮಾತು. ಎಸೆದ ಮರುದಿನ ಸ್ನಾಯುಗಳು ಭಾರವಾಗಿ ಹಿಡಿದಂತಿರುವುದು ಸಹಜ, ಒಂದೆರಡು ದಿನಕ್ಕೆ ಬಿಡುತ್ತದೆ. ಭುಜದ ಕೀಲಿನಲ್ಲೇ ಚುಚ್ಚುವ ನೋವು, ರಾತ್ರಿ ಮಗ್ಗುಲು ಬದಲಿಸಿದರೆ ಎಚ್ಚರವಾಗುವ ನೋವು, ಬೆರಳು ಜುಮುಗುಡುವುದು, ಜಡೆ ಹಾಕಿಕೊಳ್ಳಲು ಕೈ ಎತ್ತಲಾಗದಿರುವುದು ಸಹಜವಲ್ಲ. ಇವು ಕಂಡರೆ ಎಸೆತ ನಿಲ್ಲಿಸಿ ಮೂಳೆ ವೈದ್ಯರಲ್ಲಿಗೆ ಹೋಗಬೇಕು. ಮಾತ್ರೆ ನುಂಗಿ ಫೈನಲ್ ಆಡಿಸುವ ಸಾಹಸ ಬೇಡ. ಆದರೆ ಹುಡುಗಿಯರು ನೋವನ್ನು ಹೇಳುವುದೇ ಕಡಿಮೆ. ಹೇಳಿದರೆ ತಂಡದಿಂದ ತೆಗೆಯುತ್ತಾರೆ ಎಂಬ ಅಂಜಿಕೆ ಒಂದು ಕಡೆ, ‘ಹೆಣ್ಣಿಗ್ಯಾಕ ಆಟ, ಬಿಟ್ಟುಬಿಡು’ ಎಂದು ಮನೆಯಲ್ಲಿ ಅಂದಾರು ಎಂಬ ಅಂಜಿಕೆ ಇನ್ನೊಂದು ಕಡೆ. ಎರಡನೆಯದು ಹೆಚ್ಚು ನಿಜವಾದ್ದು. ಹದಿನಾರಕ್ಕೆ ಭುಜ ಕೆಟ್ಟ ಹುಡುಗಿ ಆಟ ಬಿಟ್ಟರೆ ಯಾರೂ ಕಾರಣ ಕೇಳುವುದಿಲ್ಲ, ಮದುವೆ ವಯಸ್ಸು ಹತ್ತಿರ ಬಂತು ಎಂದುಕೊಳ್ಳುತ್ತಾರೆ. ಗಾಯ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಕೂಟದ ದಿನ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಬೆಳಿಗ್ಗೆಯೇ ಬಸ್ಸಿಳಿದು ಬಂದ ತಂಡಕ್ಕೆ ಎರಡು ದಿನದಲ್ಲಿ ನಾಲ್ಕು ಪಂದ್ಯ ಬಿದ್ದರೆ ಮೇಲಿನ ಯಾವ ಲೆಕ್ಕವೂ ಒಬ್ಬ ಪಿಚರ್‌ನಿಂದ ಉಳಿಯುವುದಿಲ್ಲ. ಇಬ್ಬರು ಬೇಕು. ಕೂಟದ ವೇಳಾಪಟ್ಟಿ ಮಾಡುವವರು ದಿನಕ್ಕೊಂದೇ ಪಂದ್ಯ ಎಂದು ಹಿಗ್ಗಿಸಿದರೆ ಒಳ್ಳೆಯದೇ, ಆದರೆ ಊಟ-ವಸತಿಯ ಖರ್ಚು ನೋಡುವವರು ಅದಕ್ಕೆ ಒಪ್ಪುವುದು ಸುಲಭವಲ್ಲ. ಎರಡನೆಯ ಪಿಚರ್ ತಯಾರು ಮಾಡುವುದು ಮಾತ್ರ ಮಾಸ್ತರ ಕೈಯಲ್ಲೇ ಇದೆ. ಮೊದಲನೆಯವಳಷ್ಟು ವೇಗ ಅವಳಿಗಿರದು. ಮೂರು ಇನಿಂಗ್ಸ್ ಹಿಡಿದು ನಿಲ್ಲಿಸಿದರೂ ಸಾಕು; ಸಾಫ್ಟ್‌ಬಾಲ್ ನಿಯಮದಲ್ಲಿ ಆರಂಭದಿಂದ ಆಡಿದವಳು ಹೊರಗೆ ಹೋಗಿ ಒಮ್ಮೆ ಮರಳಿ ಬರಬಹುದು.

ಜಪಾನ್ ಮಾಡಿದ್ದೂ ಅದನ್ನೇ. ಬೀಜಿಂಗ್ ನಂತರ ಸಾಫ್ಟ್‌ಬಾಲ್ ಒಲಿಂಪಿಕ್ಸ್‌ನಿಂದ ಹೊರಬಿದ್ದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಮರಳಿತು. ಜುಲೈ 27ರ ಫೈನಲ್‌ನಲ್ಲಿ ಮತ್ತೆ ಅದೇ ಅಮೆರಿಕ, ಮತ್ತೆ ಅದೇ ಉಯೆನೊ, ವಯಸ್ಸು 39. ಈ ಬಾರಿ ಅವರ ಹಿಂದೆ ಮಿಯು ಗೊತೊ ಎಂಬ ಇಪ್ಪತ್ತರ ಹುಡುಗಿ ಇದ್ದಳು. ಆರನೆಯ ಇನಿಂಗ್ಸ್‌ನಲ್ಲಿ ಉಯೆನೊ ಕೆಳಗಿಳಿದರು, ಗೊತೊ ಎಸೆದಳು. ಏಳನೆಯ ಇನಿಂಗ್ಸ್‌ಗೆ ಉಯೆನೊ ಮರಳಿ ಬಂದು ಪಂದ್ಯ ಮುಗಿಸಿದರು. ಜಪಾನ್ 2-0ಯಿಂದ ಗೆದ್ದಿತು.

ಎಣಿಸಲು ಯಂತ್ರವೇನೂ ಬೇಕಿಲ್ಲ. ಬೆಂಚಿನ ಮೇಲೆ ಕೂತ ಹುಡುಗಿಯೊಬ್ಬಳ ಕೈಗೆ ನೋಟುಪುಸ್ತಕ ಕೊಟ್ಟು ಐದೈದರ ಗೀಟು ಹಾಕಿಸಿದರೆ ಆಯಿತು. ಪುಟದ ಮೇಲೆ ತಾರೀಖು, ಪಂದ್ಯ, ಒಟ್ಟು ಎಸೆತ. ಮರುದಿನ ಬೆಳಿಗ್ಗೆ ಭುಜ ಹೇಗಿದೆ ಎಂಬುದಕ್ಕೆ ಪಕ್ಕದಲ್ಲಿ ಒಂದು ಸಾಲು. ತಾಲ್ಲೂಕು ಕೂಟ ಮುಗಿದು ಜಿಲ್ಲೆಗೆ ಹೋಗುವಾಗ ಚೆಂಡು, ಬ್ಯಾಟು, ಕೈಗವಸುಗಳ ಚೀಲದಲ್ಲಿ ಆ ಪುಸ್ತಕಕ್ಕೂ ಜಾಗವಿರಲಿ.